ಮದುವೆಯಾಯಿತು ಸರಿ, ನೌಕರಿ ಏನಾಯಿತು?

ಹೋದ ದೀಪಾವಳಿಗೆ ಮಗಳು ಬೆಂಗಳೂರಿನಿಂದ ಬಂದಿದ್ದಳು. ಹಬ್ಬದ ಮಾರನೆಯ ದಿನ ಸಂಜೆ ನಾನು ಮಂಡಕ್ಕಿ ಒಗ್ಗರಣೆಗೆಂದು ಈರುಳ್ಳಿ ಹೆಚ್ಚುತ್ತಾ ಕೂತಿದ್ದೆ. ಅವಳು ಮಿರ್ಚಿಗೆ ಹಿಟ್ಟು ಕಲಸುತ್ತಿದ್ದವಳು ತಲೆ ಎತ್ತದೆಯೇ, "ಅಮ್ಮ, ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ" ಎಂದಳು. ಅಷ್ಟೇ! ಓದುಗ ಸೋದರಿಯರೇ, ಹೆಣ್ಣು ಹೆತ್ತವರಿಗೆ ಗೊತ್ತು, ಅಂಥ ಮಾತಿಗೆ ಮುಂದಿನ ವಾಕ್ಯ ಬೇಕಾಗುವುದಿಲ್ಲ.

ನಿಜ ಹೇಳಲೇ? ಜಾತಿ, ಜಾತಕ, ನಾಲ್ಕು ಜನದ ಮಾತು ಎಲ್ಲ ರಾತ್ರಿ ಮಲಗಿದ ಮೇಲೆ ಸಾಲಾಗಿ ಬಂದವು. ಆ ಗಳಿಗೆಯಲ್ಲಿ ಮೊದಲು ನೆನಪಾದದ್ದು ನಾನು ಹದಿನೇಳರ ವಯಸ್ಸಿನಲ್ಲಿ ಓದಿದ ಕಾದಂಬರಿಗಳು. ಆಫೀಸಿನ ಪ್ರೇಮ ಅಂದರೆ ಏನು ಅಂತ ನನಗೆ ಹೇಳಿಕೊಟ್ಟದ್ದೇ ಅವು. ಮಗಳಿಗೆ ಒಂದು ಬುದ್ಧಿಮಾತು ಹೇಳೋಣವೆಂದು ಆ ಕತೆಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದೆ. ಕೈಗೆ ಹತ್ತಿದ್ದು ಬಹಳ ಕಡಿಮೆ. ಯಾಕೆ ಹಾಗಾಯಿತು ಎಂದು ಯೋಚಿಸಿದ್ದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಾಡಿಗೆ ಪುಸ್ತಕದ ದಿನಗಳು

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು 1996ರಲ್ಲಿ. ಮುಂದೆ ಓದಿಸಲು ಮನೆಯಲ್ಲಿ ಅನುಕೂಲವಿರಲಿಲ್ಲ. ಟೈಪಿಂಗ್ ಕಲಿತರೆ ಎಲ್ಲಾದರೂ ಕೆಲಸ ಸಿಕ್ಕೀತೆಂದು ಅಪ್ಪ ಬಳ್ಳಾರಿಯ ಟೈಪಿಂಗ್ ಕ್ಲಾಸಿಗೆ ಹಾಕಿದರು. ಸಂಗನಕಲ್ಲಿನಿಂದ ಬಳ್ಳಾರಿ ಎಷ್ಟು ದೂರ? ಬಸ್ಸು ಹತ್ತಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಊರು ಬರುತ್ತದೆ. ಆ ಕ್ಲಾಸಿನ ಪಕ್ಕದಲ್ಲೇ ಪುಸ್ತಕ ಬಾಡಿಗೆಗೆ ಕೊಡುವ ಪುಟ್ಟ ಅಂಗಡಿ ಇತ್ತು. ಸಾಯಿಸುತೆ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥ್! ಗೆಳತಿಯರು ನಾಲ್ವರು ಸೇರಿ ಒಂದು ಪುಸ್ತಕ ತಂದು, ಸರದಿಯ ಮೇಲೆ ಓದಿ, ಬಾಡಿಗೆ ಹಂಚಿಕೊಳ್ಳುತ್ತಿದ್ದೆವು. ಒಲೆಯ ಮುಂದೆ ಪುಸ್ತಕ ಹಿಡಿದು ಹಾಲು ಉಕ್ಕಿಸಿದ್ದಕ್ಕೆ ಅಮ್ಮನಿಂದ ಬೈಸಿಕೊಂಡ ಲೆಕ್ಕ ನನಗೇ ಮರೆತಿದೆ.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆ ವರ್ಷ ನಾವು ಮೈಸೂರಿಗೆ ಸೇರಿದೆವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗೆರೆ ಎಳೆದರೇನು, ಮಾತು ಕಡಿಯುತ್ತದೆಯೇ? ಇವತ್ತಿಗೂ ಪಕ್ಕದ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಕನ್ನಡ, ನಡುವಿನ ಗೋಡೆಯ ಮೇಲೆ ಎರಡೂ. ಪಕ್ಕದ ಮನೆಯ ಅಕ್ಕಯ್ಯ ಯದ್ದನಪೂಡಿ ಸುಲೋಚನಾರಾಣಿಯವರ ಕಾದಂಬರಿಗಳ ಹುಚ್ಚಿಯೇ ಸರಿ. ಮಧ್ಯಾಹ್ನ ಅಕ್ಕಿ ಆರಿಸುತ್ತಾ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಆಕೆ ನನಗೆ ಪೂರ್ತಿ ಹೇಳಿದ ಕತೆ "ಸೆಕ್ರೆಟರಿ".

ನಿಮ್ಮಲ್ಲೂ ಅನೇಕರು ಓದಿರಬಹುದು, ಇಲ್ಲವೇ 1976ರಲ್ಲಿ ಬಂದ ಸಿನಿಮಾ ನೋಡಿರಬಹುದು. ಅಕ್ಕಿನೇನಿ ನಾಗೇಶ್ವರರಾವ್, ವಾಣಿಶ್ರೀ ಅಭಿನಯಿಸಿದ್ದು. ಮಧ್ಯಮ ವರ್ಗದ ಸ್ವಾಭಿಮಾನಿ ಹುಡುಗಿ ಜಯಂತಿ, ಶ್ರೀಮಂತ ರಾಜಶೇಖರಂ. ಅವಳು ಅವನ ಸೆಕ್ರೆಟರಿ. ಸಿಡುಕು, ಸಂದೇಹ, ಊರವರ ಮಾತು, ಅಗಲಿಕೆ, ಕೊನೆಗೆ ಮದುವೆ. ಅದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1960ರ ದಶಕದಲ್ಲಿ. ಮನೆಯಿಂದ ಹೊರಗೆ ಹೋಗಿ ದುಡಿಯುವ ಹುಡುಗಿಯನ್ನು ಜನ ಓರೆಗಣ್ಣಿನಿಂದ ನೋಡುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ, ದುಡಿಯುವ ಹುಡುಗಿಗೂ ಮಾನ ಉಂಟು, ಮಾತು ಉಂಟು ಎಂದು ತೋರಿಸಿದ್ದು ಸಣ್ಣ ಕೆಲಸವಲ್ಲ. 2018ರಲ್ಲಿ ಆ ಲೇಖಕಿ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಅಕ್ಕಯ್ಯ ಮನೆಯವರೇ ಹೋದಂತೆ ಕಣ್ಣೀರಿಟ್ಟಳು.

ಆದರೆ ಈಗ ತಿರುಗಿ ನೋಡಿದರೆ ಒಂದು ಸೋಜಿಗ. ಮದುವೆಯಾದ ಮೇಲೆ ಆ ಸೆಕ್ರೆಟರಿಯ ಕುರ್ಚಿಗೆ ಯಾರು ಬಂದರು ಎಂದು ನಾನಾಗಲಿ ಅಕ್ಕಯ್ಯನಾಗಲಿ ಒಂದು ದಿನವೂ ಕೇಳಿಕೊಳ್ಳಲಿಲ್ಲ! ನಾನು ಓದಿದ ಎಷ್ಟೋ ಕಾದಂಬರಿಗಳಲ್ಲಿ ಆಫೀಸು ಅನ್ನುವುದು ನಾಯಕ ನಾಯಕಿ ಭೇಟಿಯಾಗಲು ಹಾಕಿದ ಚಪ್ಪರ ಅಷ್ಟೇ. ಮದುವೆ ಮುಗಿಯಿತು, ಚಪ್ಪರ ಬಿಚ್ಚಿದರು. ಅವಳು ಏನು ಟೈಪ್ ಮಾಡುತ್ತಿದ್ದಳು, ಸಂಬಳ ಎಷ್ಟು, ಆ ಸಂಬಳದಿಂದ ಯಾರ ಹೊಟ್ಟೆ ತುಂಬುತ್ತಿತ್ತು, ಯಾರಿಗೆ ಬೇಕು? ಡಾಕ್ಟರ ಕತೆಗಳು ಮಾತ್ರ ಸ್ವಲ್ಪ ಬೇರೆ. ಉಷಾ ನವರತ್ನರಾಂ ಅವರ "ಹೊಂಬಿಸಿಲು" ನೋಡಿ. 1978ರಲ್ಲಿ ವಿಷ್ಣುವರ್ಧನ್, ಆರತಿ ಅದರ ಸಿನಿಮಾದಲ್ಲಿ ಮಾಡಿದರು. ಅಲ್ಲಿ ಹೆಣ್ಣೂ ಡಾಕ್ಟರು, ಗಂಡೂ ಡಾಕ್ಟರು. ಕೈಯಲ್ಲಿ ವಿದ್ಯೆ ಇರುವ ಹೆಣ್ಣಿನ ಕೆಲಸವನ್ನು ಕತೆಗಾರರು ಅಷ್ಟು ಸುಲಭವಾಗಿ ಮರೆಯಲಾರರು ಅಂತ ಕಾಣುತ್ತದೆ.

ಮನೆಯಲ್ಲಿ ಕೂತವಳ ಕತೆ

ಇನ್ನೊಂದು ಕಡೆಯಿಂದಲೂ ಈ ಪ್ರೇಮವನ್ನು ನೋಡಬೇಕು. ಆಫೀಸಿನಲ್ಲಿ ಪ್ರೇಮ ಚಿಗುರುವಾಗ ಮನೆಯಲ್ಲಿ ಅನ್ನದ ಡಬ್ಬಿ ತೊಳೆಯುತ್ತಾ ಒಬ್ಬಳು ಕೂತಿರುತ್ತಾಳಲ್ಲ, ಅವಳ ಕಡೆಯಿಂದ. ನಮ್ಮ ನಿಮ್ಮಂಥವಳು!

ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ತೆಗೆದ "ಶರಪಂಜರ" (1971) ನೋಡಿ ಅಳದ ಹೆಣ್ಣುಮಕ್ಕಳು ಯಾರಿದ್ದಾರೆ? ಮನಸ್ಸಿನ ಕಾಯಿಲೆ ವಾಸಿಮಾಡಿಕೊಂಡು ಮನೆಗೆ ಬಂದ ಕಾವೇರಿಯನ್ನು ಯಾರೂ ಮೊದಲಿನ ಕಾವೇರಿ ಎಂದು ಒಪ್ಪುವುದಿಲ್ಲ. ಸಾಲದ್ದಕ್ಕೆ ಗಂಡನಿಗೆ ಜೊತೆಯಲ್ಲಿ ಕೆಲಸ ಮಾಡುವ ಹೆಣ್ಣಿನ ನಂಟು. ಅದು ತಿಳಿದ ಮೇಲೆ ಕಾವೇರಿ ಉಳಿಯುವುದಿಲ್ಲ, ಮತ್ತೆ ಆಸ್ಪತ್ರೆ. ಕಲ್ಪನಾ ಅವರ ಆ ಕಣ್ಣುಗಳನ್ನು ಮರೆಯುವುದು ಹೇಗೆ? ಪ್ರೇಮ ಅನ್ನುವ ಹೆಸರಿನಲ್ಲಿ ನಡೆಯುವುದೆಲ್ಲ ಹೂವಿನ ಹಾಸಿಗೆಯಲ್ಲ, ಆ ಹಾಸಿಗೆಯ ಕೆಳಗೆ ಯಾರದೋ ಮನೆ ಇರಬಹುದು ಎಂದು ನನಗೆ ತಿಳಿಸಿದ್ದು ಈ ಕತೆ. ಗಂಡನ ನೌಕರಿಗೆ ಅಲ್ಲಿ ಕುತ್ತು ಬರುವುದಿಲ್ಲ, ಗಮನಿಸಿದ್ದೀರಾ? ಕಳಕೊಂಡವಳು ಕಾವೇರಿ ಒಬ್ಬಳೇ.

ನನ್ನ ಗೆಳತಿಯ ವಿಷಯ

ಕತೆ ಬಿಡಿ, ಕಣ್ಣಾರೆ ಕಂಡದ್ದು ಹೇಳುತ್ತೇನೆ. ಟೈಪಿಂಗ್ ಜೂನಿಯರ್ ಪಾಸಾದ ಮೇಲೆ ನಾನೂ ನನ್ನ ಗೆಳತಿಯೂ ಒಂದೇ ಕಡೆ ಕೆಲಸಕ್ಕೆ ಸೇರಿದೆವು. ಹೆಸರು ಬೇಡ. ಒಂದು ಸಣ್ಣ ವ್ಯಾಪಾರದ ಆಫೀಸು, ಒಟ್ಟು ಏಳೆಂಟು ಜನ. ಅಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗನಿಗೂ ನನ್ನ ಗೆಳತಿಗೂ ಮನಸ್ಸು ಕೂಡಿತು. ಕೆಟ್ಟ ಹುಡುಗನಲ್ಲ. ಅವಳ ಟೇಬಲ್ಲಿಗೆ ಟೀ ತಾನೇ ತಂದಿಡುತ್ತಿದ್ದ, ಸಂಜೆ ಬಸ್ ಸ್ಟ್ಯಾಂಡಿನವರೆಗೆ ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ. ಅಷ್ಟೇ ಅವರ ಪ್ರೇಮ. ಕಾದಂಬರಿ ಓದಿ ಓದಿ ತಲೆ ತುಂಬಿಕೊಂಡಿದ್ದ ನನಗೋ, ಕಣ್ಣೆದುರಿಗೇ ಧಾರಾವಾಹಿ ನಡೆದಷ್ಟು ಸಂಭ್ರಮ!

ಆರು ತಿಂಗಳಿಗೆ ಮಾತು ಹೊರಗೆ ಬಿತ್ತು. ಮಾಲೀಕರು ಕರೆದದ್ದು ಅವಳೊಬ್ಬಳನ್ನೇ. "ನಾಳೆಯಿಂದ ಬರೋದು ಬ್ಯಾಡಮ್ಮ, ನಮ್ಮ ಆಫೀಸಿಗೆ ಮರ್ಯಾದೆ ಐತೆ" ಎಂದರು. ಅವನಿಗೆ ಏನೂ ಅನ್ನಲಿಲ್ಲ. ಲೆಕ್ಕ ಬಲ್ಲವನು, ಬಿಟ್ಟರೆ ಇನ್ನೊಬ್ಬ ಸಿಗುವುದು ಕಷ್ಟ. ಟೈಪ್ ಮಾಡುವವರು ಬೀದಿಗೆ ಹತ್ತು ಜನ. ಅವನು ಅವಳ ಪರವಾಗಿ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಅವಳ ಸಂಬಳದಿಂದ ತಮ್ಮನ ಶಾಲೆ ನಡೆಯುತ್ತಿತ್ತು, ಅದು ನಿಂತಿತು. ವರ್ಷದೊಳಗೆ ಸಿರುಗುಪ್ಪದ ಕಡೆ ಎಲ್ಲೋ ಮದುವೆ ಮಾಡಿ ಕಳಿಸಿದರು. ಮದುವೆಯ ಹಿಂದಿನ ದಿನ ಅವಳು ನನಗೆ ಹೇಳಿದ ಮಾತು: "ಅವನು ಹೋದದ್ದಕ್ಕೆ ಅಳು ಬರಲ್ಲ ಕಣೇ, ಕೆಲಸ ಹೋಯ್ತಲ್ಲ ಅದಕ್ಕೆ ಬರ್ತೈತೆ."

ಆಗ ನನಗೆ ಆ ಮಾತು ಅರ್ಥವಾಗಲಿಲ್ಲ. ಪ್ರೇಮ ದೊಡ್ಡದೋ ಟೈಪಿಂಗ್ ಕೆಲಸ ದೊಡ್ಡದೋ ಅಂದುಕೊಂಡೆ. ನಾನೂ ಮದುವೆ ನಿಶ್ಚಯವಾಗುತ್ತಲೇ ಕೆಲಸ ಬಿಟ್ಟೆ, ಯಾರೂ ಬಿಡು ಎನ್ನುವ ಮೊದಲೇ. ಈಗ ಒಂದು ಜೊತೆ ಚಪ್ಪಲಿಗೂ ಯಜಮಾನರನ್ನು ಕೇಳುವಾಗ ಗೆಳತಿಯ ಮಾತು ಕಿವಿಯಲ್ಲಿ ಕೇಳುತ್ತದೆ. ಅವರು ಒಳ್ಳೆಯವರು, ಇಲ್ಲ ಎಂದವರಲ್ಲ. ಆದರೂ ಕೇಳುವುದು ಕೇಳುವುದೇ ಅಲ್ಲವೇ?

ಮಗಳು ಓದುವ ಕತೆಗಳು

ಈಗಿನವರ ಕತೆ ಹೇಗಿದೆ? ಮಗಳು ಫೋನಿನಲ್ಲೇ ಇಂಗ್ಲಿಷ್ ಕಾದಂಬರಿ ಓದುತ್ತಾಳೆ. ಆಫೀಸಿನ ಪ್ರೇಮವನ್ನೇ ಬರೆಯುವ ಲೇಖಕಿಯರು ಈಗ ಲೋಕದ ತುಂಬ ಇದ್ದಾರಂತೆ. ಆ ದೀಪಾವಳಿಯ ರಾತ್ರಿ ನಾನು ಅವಳಿಗೆ ಸೆಕ್ರೆಟರಿಯ ಕತೆ ಹೇಳಿದೆ, ಅವಳು ನನಗೆ ತನ್ನವು ಹೇಳಿದಳು.

ಒಂದು, ಆಸ್ಟ್ರೇಲಿಯಾದ ಸ್ಯಾಲಿ ಥಾರ್ನ್ 2016ರಲ್ಲಿ ಬರೆದ "ದಿ ಹೇಟಿಂಗ್ ಗೇಮ್". ಪುಸ್ತಕ ಪ್ರಕಟಿಸುವ ಕಂಪನಿಯಲ್ಲಿ ಲೂಸಿ, ಜೋಶುವಾ ಎದುರುಬದುರು ಮೇಜಿನವರು. ಹಾವು ಮುಂಗುಸಿಯ ಹಾಗೆ ಜಗಳ. ಒಂದೇ ಬಡ್ತಿಗೆ ಇಬ್ಬರೂ ಪೈಪೋಟಿ. ಗೆದ್ದವರು ಇನ್ನೊಬ್ಬರಿಗೆ ಮೇಲಧಿಕಾರಿ! ಪ್ರೇಮವಾದ ಮೇಲೆ ಇದನ್ನು ಬಿಡಿಸುವುದು ಹೇಗೆ? ಕೊನೆಗೆ ಬೇರೆ ಕಡೆ ಕೆಲಸ ಹುಡುಕಿಕೊಳ್ಳುವವನು ಅವನು. "ಅವಳಲ್ಲವಾ?" ಎಂದು ನಾನು ಎರಡು ಸಲ ಕೇಳಿದೆ. "ಅಲ್ಲಮ್ಮ, ಅವನೇ" ಎಂದು ನಕ್ಕಳು.

ಇನ್ನೊಂದು, ಆಲಿ ಹೇಜಲ್‌ವುಡ್ ಬರೆದ "ದಿ ಲವ್ ಹೈಪಾಥಿಸಿಸ್" (2021). ಆಲಿವ್ ಎಂಬ ಸಂಶೋಧನಾ ವಿದ್ಯಾರ್ಥಿನಿ, ಆ್ಯಡಂ ಎಂಬ ಪ್ರೊಫೆಸರು. ಅವನು ಅವಳ ಗೈಡ್ ಅಲ್ಲ ಎಂಬುದನ್ನು ಲೇಖಕಿ ಮೊದಲೇ ಬಿಡಿಸಿ ಹೇಳುತ್ತಾಳಂತೆ. ಅದೇ ಕತೆಯಲ್ಲಿ ಇನ್ನೊಬ್ಬ ಪ್ರೊಫೆಸರು ಅವಳ ಮೇಲೆ ಕಣ್ಣು ಹಾಕಿ, "ನೀನು ಹೇಳಿದರೂ ಯಾರು ನಂಬುತ್ತಾರೆ?" ಎಂದು ಹೆದರಿಸುತ್ತಾನೆ. ಪ್ರೇಮ ಯಾವುದು, ಕಾಟ ಯಾವುದು ಎಂದು ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿದ್ದಾರೆ. ನಮ್ಮ ಬಾಡಿಗೆ ಪುಸ್ತಕಗಳಲ್ಲಿ ಎಷ್ಟೋ ಸಲ ಕಾಟ ಕೊಡುವವನೇ ನಾಯಕನಾಗಿರುತ್ತಿದ್ದ!

ಕನ್ನಡದಲ್ಲಿಯೂ ಕತೆ ಬದಲಾಗಿದೆ. ಎಸ್.ಎಲ್. ಭೈರಪ್ಪನವರ "ಕವಲು" (2010) ಬಂದಾಗ ಎಷ್ಟು ವಾದ ವಿವಾದ! ಉದ್ದಿಮೆಯ ಮಾಲೀಕ ಜಯಕುಮಾರ, ಅವನಲ್ಲಿ ಕೆಲಸಕ್ಕಿದ್ದ ಮಂಗಳೆ. ಅವರಿಬ್ಬರ ಸಂಬಂಧ ಕಾನೂನಿನ ಹೆದರಿಕೆಯಲ್ಲಿ ಮದುವೆಯಾಗುತ್ತದೆ, ಮದುವೆ ನರಕವಾಗುತ್ತದೆ. ಹೆಣ್ಣುಮಕ್ಕಳು ಕಾನೂನನ್ನು ದುರುಪಯೋಗ ಮಾಡುತ್ತಾರೆ ಎಂದು ಆ ಪುಸ್ತಕ ಹೇಳುತ್ತದೆ ಎಂದು ಕೆಲವರು ಮೆಚ್ಚಿದರು, ಕೆಲವರು ಸಿಟ್ಟಾದರು. ನನಗೆ ಅನ್ನಿಸಿದ್ದು ಬೇರೆ. ಒಬ್ಬರು ಸಂಬಳ ಕೊಡುವವರು, ಒಬ್ಬರು ಸಂಬಳಕ್ಕೆ ಕೈಯೊಡ್ಡುವವರು ಆಗಿದ್ದಾಗ, "ಹೂಂ" ಎಂದದ್ದು ಮನಸ್ಸಿನಿಂದಲೋ ಲೆಕ್ಕಾಚಾರದಿಂದಲೋ ಇಬ್ಬರಿಗೂ ಕಡೆಯವರೆಗೂ ಗೊತ್ತಾಗುವುದಿಲ್ಲ. ಜಯಕುಮಾರನ ಪಾಡೂ ಅದೇ ಅಲ್ಲವೇ?

ನಮ್ಮ ಜಿಲ್ಲೆಯ ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬಹಳ ವರ್ಷ ದುಡಿದವರು. ಅವರ "ಮೋಹನಸ್ವಾಮಿ" (2013) ಗಂಡಸನ್ನೇ ಪ್ರೀತಿಸುವ ಗಂಡಸಿನ ಕತೆಗಳು. ಮೊದಲು ಮುಜುಗರದಿಂದಲೇ ಓದಿದೆ, ಆಮೇಲೆ ಅಳು ಬಂತು. ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾಗದೆ ಹತ್ತು ಜನರ ನಡುವೆ ನಕ್ಕು ಮಾತಾಡಬೇಕಾದವರ ಸಂಕಟ ನಮ್ಮ ಕಣ್ಣಿಗೆ ಎಲ್ಲಿ ಬಿದ್ದಿತ್ತು?

ಜೀನ್ಸ್ ಹೊಲಿಯುವವರ ಪ್ರೇಮ

ಇಷ್ಟಾದರೂ ನನ್ನದೊಂದು ದೂರು ಇದೆ. ಕತೆಗಳಲ್ಲಿ ಕೆಲಸದ ಜಾಗ ಎಂದರೆ ಏ.ಸಿ. ಕೋಣೆ, ಲಿಫ್ಟು, ಕಾಫಿ ಯಂತ್ರ. ನಮ್ಮ ಬಳ್ಳಾರಿಯ ಜೀನ್ಸ್ ದೂರದೂರದವರೆಗೆ ಹೋಗುತ್ತದೆ. ಅದನ್ನು ಹೊಲಿಯುವವರು, ದಾರ ಕತ್ತರಿಸುವವರು, ಗುಂಡಿ ಹಾಕುವವರು ಬಹಳ ಮಟ್ಟಿಗೆ ನಮ್ಮ ಹೆಣ್ಣುಮಕ್ಕಳೇ. ಕುರುಗೋಡು, ಸಿರುಗುಪ್ಪದ ಕಡೆ ಮೆಣಸಿನಕಾಯಿ ಬಿಡಿಸುವವರು, ಭತ್ತ ನಾಟಿ ಮಾಡುವವರು ಇದ್ದಾರೆ. ಅವರಿಗೂ ಹದಿನೆಂಟು ಇಪ್ಪತ್ತರ ವಯಸ್ಸು ಇರುವುದಿಲ್ಲವೇ? ಅವರ ನಡುವೆಯೂ ಮನಸ್ಸು ಕೂಡುತ್ತದೆ, ಮುರಿಯುತ್ತದೆ, ಮೇಸ್ತ್ರಿಯ ಕಣ್ಣೂ ಬೀಳುತ್ತದೆ. ಅದನ್ನು ಕಾದಂಬರಿ ಮಾಡಿದವರನ್ನು ನಾನಂತೂ ಓದಿಲ್ಲ.

ನಮ್ಮೂರ ಗುಡ್ಡದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನ ಕೊಡಲಿ ಮಾಡುವ ದೊಡ್ಡ ಕಾರ್ಖಾನೆಯೇ ಇತ್ತೆಂದು ಅಗೆದು ನೋಡಿದವರು ಹೇಳಿದ್ದಾರೆ. ಬಂಡೆಗಳ ಮೇಲೆ ದನ, ಮನುಷ್ಯರು, ಗಂಡು ಹೆಣ್ಣಿನ ಜೋಡಿ ಎಲ್ಲ ಕೆತ್ತಿದ್ದಾರೆ. ದುಡಿಯುವ ಜಾಗದಲ್ಲಿ ಪ್ರೀತಿ ಹುಟ್ಟುವುದು ಇವತ್ತು ನೆನ್ನೆಯದಲ್ಲ, ಬಿಡಿ! ಅದನ್ನು ತಡೆಯಲು ಹೋಗುವುದೂ ಜಾಣತನವಲ್ಲ. ಅಲ್ಲಿ ಯಾರ ಅನ್ನ ಹೋಗುತ್ತದೆ ಎಂದು ನೋಡಿಕೊಳ್ಳುವುದು ಜಾಣತನ.

ಕಾನೂನು ಏನನ್ನುತ್ತದೆ?

ಇದಕ್ಕೆ ಕಾನೂನೂ ಇದೆ, ಅದು ಹುಟ್ಟಿದ ಕತೆಯೂ ಇದೆ. ರಾಜಸ್ಥಾನದ ಹಳ್ಳಿಯೊಂದರಲ್ಲಿ ಸರ್ಕಾರದ ಯೋಜನೆಯ ಕೆಲಸ ಮಾಡುತ್ತಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅತ್ಯಾಚಾರಕ್ಕೆ ಗುರಿಯಾದಳು. ಅವಳ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟಿನಲ್ಲಿ ವಿಶಾಖಾ ತೀರ್ಪು ಬಂತು, 2013ರಲ್ಲಿ ಅದೇ ಕಾಯಿದೆಯಾಯಿತು. ತೀರ್ಪು ಬಂದ ಮುಂದಿನ ವರ್ಷವೇ ನನ್ನ ಗೆಳತಿಯ ಕೆಲಸ ಹೋಯಿತು. ಅವಳಿಗೆ ಯಾರೂ ಕಾಟ ಕೊಟ್ಟಿರಲಿಲ್ಲ, ಆ ತೀರ್ಪು ಅವಳ ಕೆಲಸ ಉಳಿಸುತ್ತಿರಲಿಲ್ಲ, ನಿಜ. ಆದರೆ ದುಡಿಯುವ ಜಾಗದಲ್ಲಿ ಹೆಣ್ಣಿನ ಮಾನಕ್ಕೆ ಒಂದು ಲೆಕ್ಕ ಉಂಟು ಎಂಬ ಸುದ್ದಿಯೇ ನಮ್ಮ ಟೈಪಿಂಗ್ ಮೇಜಿನವರೆಗೆ ಬಂದಿರಲಿಲ್ಲ.

ತಿಳಿದಿರಲಿ: ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದರ ಮುಖ್ಯಸ್ಥೆ ಹೆಣ್ಣೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು ಇರಬೇಕು. ಹತ್ತಕ್ಕಿಂತ ಕಡಿಮೆ ಜನವಿದ್ದರೆ, ಇಲ್ಲವೇ ಮಾಲೀಕರ ಮೇಲೇ ದೂರಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಮನೆಗೆಲಸದವರಿಗೂ ಈ ಕಾನೂನು ಉಂಟು. ದೂರನ್ನು ಬರವಣಿಗೆಯಲ್ಲಿ, ಮೂರು ತಿಂಗಳೊಳಗೆ ಕೊಡಬೇಕು. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಈ ಕಾನೂನು ಪ್ರೀತಿಸಬೇಡಿ ಎನ್ನುವುದಿಲ್ಲ. ಬೇಡವೆಂದವಳ ಬೆನ್ನು ಬೀಳಬೇಡಿ ಎನ್ನುತ್ತದೆ.

ಮಗಳಿಗೆ ಕೇಳಿದ ಮೂರು ಮಾತು

ಅವತ್ತು ರಾತ್ರಿ ಕತೆಗಳೆಲ್ಲ ಮುಗಿದ ಮೇಲೆ ನಾನು ಮಗಳನ್ನು ಮೂರೇ ಮಾತು ಕೇಳಿದೆ. ನಿಮ್ಮ ಮನೆಯಲ್ಲೂ ಇಂಥ ಗಳಿಗೆ ಬಂದರೆ ಬೈಯುವ ಮೊದಲು ಇವನ್ನು ಕೇಳಿ ನೋಡಿ.

"ಅವರು ನಿನಗಿಂತ ಮೇಲಿನವರೋ, ಸಮಾನರೋ?"

"ನಾಳೆ ನೀನು ಬೇಡ ಅಂದರೆ, ಸೋಮವಾರ ಬೆಳಿಗ್ಗೆ ನಿನ್ನ ಕುರ್ಚಿ ನಿನ್ನದಾಗೇ ಇರುತ್ತಾ?"

"ಹೂಂ ಅಂದರೆ, ಮದುವೆಯಾದ ಮೇಲೂ ಇರುತ್ತಾ?"

ಮೊದಲನೆಯದಕ್ಕೇ ಅವಳು ಸುಮ್ಮನಾದಳು. ಆಮೇಲೆ ಮೆಲ್ಲಗೆ, "ಅವರು ನಮ್ಮ ಟೀಮ್ ಲೀಡ್ ಅಮ್ಮ. ನನ್ನ ಸಂಬಳ ಎಷ್ಟು ಹೆಚ್ಚಬೇಕು ಅಂತ ಬರೆಯೋರೂ ಅವರೇ" ಎಂದಳು. ನಾನು ಬೇಡ ಎನ್ನಲಿಲ್ಲ. ನನ್ನ ಗೆಳತಿಯ ವಿಷಯವನ್ನು ಮಾತ್ರ ಮೊದಲ ಸಲ ಅವಳಿಗೆ ಪೂರ್ತಿ ಹೇಳಿದೆ. ಎಲ್ಲ ಕೇಳಿ, "ನೀನು ಯಾಕಮ್ಮ ಕೆಲಸ ಬಿಟ್ಟೆ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮೂರು ತಿಂಗಳ ಮೇಲೆ ಫೋನು ಬಂತು. ಅವಳು ಆ ಹುಡುಗನಿಗೆ ನೇರವಾಗಿಯೇ ಹೇಳಿದಳಂತೆ: ನೀವು ನನ್ನ ಮೇಲಧಿಕಾರಿ ಆಗಿರುವಷ್ಟು ದಿನ ಈ ಮಾತು ಬೇಡ. ಅವನು ಮುನಿಸಿಕೊಳ್ಳಲಿಲ್ಲ. ತಾನೇ ಕೇಳಿಕೊಂಡು ಬೇರೆ ಟೀಮಿಗೆ ಹೋದನಂತೆ. "ಅವನೇ ಹೋದನಾ?" ಎಂದು ಕೇಳಿದೆ. "ಹೌದಮ್ಮ, ಅವರೇ. ನಾನು ಇದ್ದಲ್ಲೇ ಇದ್ದೀನಿ."

ಮದುವೆಯ ಮಾತು ಇನ್ನೂ ಆಗಿಲ್ಲ. ಜಾತಿ, ಜಾತಕ, ನಾಲ್ಕು ಜನದ ಮಾತು ಸಾಲಾಗಿ ನಿಂತೇ ಇವೆ, ಅವನ್ನೂ ದಾಟಬೇಕು. ಯಜಮಾನರಿಗೆ ನಾನಿನ್ನೂ ಹೇಳಿಲ್ಲ. ಈ ಪತ್ರಿಕೆ ಮನೆಗೆ ಬರುವ ಮೊದಲು ಹೇಳಲೇಬೇಕು! ಆದರೆ ಮಗಳ ಕುರ್ಚಿ ಅವಳದಾಗೇ ಉಳಿದಿದೆ ಎಂಬ ಸುದ್ದಿ ಕೇಳಿದ ದಿನ ನಾನು ದೇವರಿಗೆ ಒಂದು ಕಾಯಿ ಹೆಚ್ಚಿಗೆ ಒಡೆದೆ.